ಮೇಲ್ತುದಿಯ ಅಡ್ಡಕಡ್ಡಿ

ಹಗ್ಗ ಏಳನೆಯ ಸಲ ಮಗಳನ್ನು ಮೇಲಕ್ಕೆ ಎಳೆದುಕೊಂಡು ಹೋಗುತ್ತಿದ್ದಾಗ, ತಾನು ಉಸಿರು ಬಿಗಿಹಿಡಿದು ನಿಂತಿದ್ದೇನೆ ಎಂಬುದು ಉಮಾಶಂಕರನ ಗಮನಕ್ಕೆ ಬಂತು. ಬಿಟ್ಟ. ಅದು ಬಿಳಿ ಹಬೆಯಾಗಿ ಹೊರಬಂದು ಕನ್ನಡಕದ ಮೇಲೆ ಕೂತಿತು. ಒರೆಸಿಕೊಂಡು ನೋಡುವಷ್ಟರಲ್ಲಿ ವರ್ಷಿಣಿ ಮೇಲ್ತುದಿ ತಲುಪಿ, ಹಗ್ಗದಿಂದ ಕೈ ಬಿಟ್ಟು, ಪಕ್ಕಕ್ಕೆ ಸರಿದಾಗಿತ್ತು. ಅಂದರೆ ಏಳನೆಯ ಸಲವೂ ಏನೂ ಆಗಲಿಲ್ಲ. ಏನಾದರೂ ಆಗುವಂಥ ಜಾಗವೂ ಅದಲ್ಲ. ಜಪಾನಿನ ಸೆಂಡಾಯ್‌ನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ, ಗುಡ್ಡದ ಬುಡದಲ್ಲಿ ಮಕ್ಕಳಿಗೆಂದೇ ಬಿಟ್ಟಿರುವ ಇಳಿಜಾರು. ಇಳಿಜಾರು ಎನ್ನುವುದೂ ಮರ್ಯಾದೆಗೆ. ಮೈಸೂರಿನಲ್ಲಾಗಿದ್ದರೆ ಅದರ ಮೇಲೆ ಸೈಟು ಮಾಡಿ ಮಾರುತ್ತಿದ್ದರು. ಕೆಳಗೊಂದು ಚಕ್ರ, ಎಂಬತ್ತು ಮೀಟರ್ ಆಚೆ ಮೇಲೊಂದು ಚಕ್ರ, ಎರಡನ್ನೂ ಸುತ್ತಿ ಬರುತ್ತಲೇ ಇರುವ ಒಂದು ದಪ್ಪ ಹಗ್ಗ. ಮಕ್ಕಳು ಕಾಲಿಗೆ ಸ್ಕೀ ಕಟ್ಟಿಕೊಂಡು ಸಾಲಾಗಿ ಬಂದು ಹಗ್ಗ ಹಿಡಿಯುತ್ತಾರೆ, ಹಗ್ಗ ಎಳೆದುಕೊಂಡು ಹೋಗುತ್ತದೆ, ಮೇಲೆ ಕೈ ಬಿಡುತ್ತಾರೆ, ಜಾರಿಕೊಂಡು ಬಂದು ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ. ಕೈ ಬಿಡದಿದ್ದರೆ? ಅಥವಾ ಕೈಗವಸಿನ ಪಟ್ಟಿಯೋ ಮಫ್ಲರೋ ಜಡೆಯೋ ಹಗ್ಗಕ್ಕೆ ಸುತ್ತಿಕೊಂಡು, ಬಿಡಲು ಆಗದೇ ಹೋದರೆ? ಅದಕ್ಕೆಂದೇ ಮೇಲಿನ ಚಕ್ರಕ್ಕೆ ನಾಲ್ಕು ಮೀಟರ್ ಮೊದಲು ಒಂದು ಅಡ್ಡಕಡ್ಡಿ ಇದೆ. ಮೊಣಕಾಲು ತಾಗಿದರೆ ಕಡ್ಡಿ ಕಳಚಿ ಬೀಳುತ್ತದೆ, ಮೋಟರು ನಿಲ್ಲುತ್ತದೆ. ಹಾಗೆ ನಿಲ್ಲುತ್ತದೆ ಎಂದು ನವೆಂಬರಿನಲ್ಲಿ, ತಪಾಸಣೆಯ ಕಂಪನಿಯ ಪರವಾಗಿ, ಕಾಗದದ ಮೇಲೆ ಮೊಹರು ಒತ್ತಿ ಕೊಟ್ಟವನು ಉಮಾಶಂಕರ. ನಿಲ್ಲುತ್ತದೋ ಇಲ್ಲವೋ ಉಮಾಶಂಕರನಿಗೆ ಗೊತ್ತಿಲ್ಲ.

ವರ್ಷಿಣಿ ಜಾರಿ ಬಂದು ಅವನ ಮುಂದೆಯೇ ಹಿಮ ಚಿಮ್ಮಿಸಿ ನಿಂತಳು. ಹತ್ತು ವರ್ಷ. ಕೆನ್ನೆ ಕೆಂಪಾಗಿತ್ತು, ಮೂಗು ಸುರಿಯುತ್ತಿತ್ತು. ಹೆಲ್ಮೆಟ್ಟಿನ ಕೆಳಗಿಂದ ಜಡೆ ಹೊರಬಂದು ಜಾಕೆಟ್ಟಿನ ಮೇಲೆ ಸೊಂಟದವರೆಗೂ ಓಲಾಡುತ್ತಿತ್ತು. ಅವನು ಅದನ್ನು ಹಿಡಿದು ಕಾಲರಿನ ಒಳಗೆ ತುರುಕಿದ. ಬೆಳಗಿನಿಂದ ಇದು ಐದನೆಯ ಸಲ.

“ಅಪ್ಪಾ, ಇಟ್ಸ್ ಇಚ್ಚಿ!”

“ತುರಿಸಿದ್ರೆ ತುರಿಸ್ಲಿ. ಹೊರಗೆ ತೆಗೀಬೇಡ ಅಂದ್ನಲ್ಲ.”

“ಎಲ್ಲಾರೂ ನೋಡ್ತಿದ್ದಾರೆ,” ಎಂದು ಹಲ್ಲು ಕಚ್ಚಿ ಹೇಳಿದ ಅವಳು, ಸಾಲಿನಲ್ಲಿದ್ದ ಗೆಳತಿಯ ಕಡೆ ತಿರುಗಿ ಜಪಾನಿಯಲ್ಲಿ ಏನೋ ಅಂದಳು. ಇಬ್ಬರೂ ನಕ್ಕರು. ಸಾಲು ಮುಂದೆ ಸರಿಯಿತು. ಹಗ್ಗ ಹಿಡಿಯುವ ಮೊದಲು ಅವಳು ಒಂದು ಕೈ ಹಿಂದಕ್ಕೆ ಹಾಕಿ ಜಡೆಯನ್ನು ಹೊರಗೆ ಎಳೆದುಕೊಂಡದ್ದನ್ನು ಅವನು ನೋಡಿದ.

ಬೆರಳು ತೋರಿಸಿ ಕೂಗುವುದು ಅವನ ಕೆಲಸದ ಒಂದು ಭಾಗ. ಈ ದೇಶದಲ್ಲಿ ರೈಲು ಬಿಡುವವನೂ ಕೂಗುತ್ತಾನೆ, ಕಾರ್ಖಾನೆಯವನೂ ಕೂಗುತ್ತಾನೆ. ನೋಡಬೇಕಾದ ವಸ್ತುವಿನ ಕಡೆ ತೋಳು ನೇರ ಚಾಚಿ, ಬೆರಳು ತೋರಿಸಿ, ಅದರ ಹೆಸರು ಹೇಳಿ, ‘ಯೋಶಿ!’ ಎನ್ನಬೇಕು. ಸರಿಯಿದೆ ಎಂದು ಅರ್ಥ. ಕಣ್ಣು ನೋಡಿದ್ದನ್ನು ಕೈ ತೋರಿಸಿ, ಬಾಯಿ ಹೇಳಿ, ಕಿವಿ ಕೇಳಿದರೆ ತಪ್ಪಾಗುವುದಿಲ್ಲ ಎಂಬ ಲೆಕ್ಕಾಚಾರ. ಉಮಾಶಂಕರನಿಗೆ ಮೊದಲ ವರ್ಷಗಳಲ್ಲಿ ಬಾಯಿ ಏಳುತ್ತಿರಲಿಲ್ಲ. ಎಂ.ಟೆಕ್. ಮಾಡಿದ ಮನುಷ್ಯ ನಟ್ಟಿನ ಕಡೆ ಕೈ ಮಾಡಿ ನಟ್ಟು ಸರಿಯಿದೆ ಎಂದು ಕಿರುಚುವುದೆಂದರೇನು! ಗೊಣಗುತ್ತಿದ್ದ. ವಿಭಾಗದ ಮುಖ್ಯಸ್ಥ ಒನೊದೆರಾ ಸಾನ್, ‘ಸಾನ್’ ಎಂದರೆ ನಮ್ಮ ‘ಅವರು’, ಬಹಳ ಸೌಮ್ಯ ಮನುಷ್ಯ. ಬೈಯುತ್ತಿರಲಿಲ್ಲ, ಹದಿನಾಲ್ಕು ಜನರ ಎದುರಿಗೆ ‘ಉಮಾ ಸಾನ್, ದಯವಿಟ್ಟು ಇನ್ನೊಂದು ಸಲ’ ಎನ್ನುತ್ತಿದ್ದರು. ಇನ್ನೊಂದು ಸಲ, ಮತ್ತೂ ಇನ್ನೊಂದು ಸಲ. ಬೈದಿದ್ದರೇ ಚೆನ್ನಾಗಿತ್ತು. ಕೊನೆಗೆ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡತೊಡಗಿದ. ನಲ್ಲಿ, ಯೋಶಿ! ಬಕೆಟ್, ಯೋಶಿ! ಹೊರಗಿನಿಂದ ಹೆಂಡತಿ ಇಂದು, “ರೀ, ಬಕೆಟ್ ಸರಿಯಾಗೇ ಇದೆ, ಬೇಗ ಸ್ನಾನ ಮುಗ್ಸಿ ಬನ್ನಿ,” ಎನ್ನುತ್ತಿದ್ದಳು.

ನವೆಂಬರಿನ ಆ ಮಧ್ಯಾಹ್ನ ಇಲ್ಲಿ ಹಿಮವಿರಲಿಲ್ಲ. ಕಂದು ಹುಲ್ಲು, ಗಾಳಿ, ಕಂಬಗಳ ಮೇಲೆ ಕೂತ ಕಾಗೆ. ಒನೊದೆರಾ ಸಾನ್ ಇಪ್ಪತ್ತು ಹೆಜ್ಜೆ ದೂರದಲ್ಲಿ ಪಟ್ಟಿ ಹಿಡಿದು ಒಂದೊಂದೇ ಓದುತ್ತಿದ್ದರು, ಇವನು ಒಂದೊಂದಕ್ಕೂ ಕೂಗುತ್ತಿದ್ದ. ಬೋಲ್ಟು, ಯೋಶಿ. ಚಕ್ರ, ಯೋಶಿ. ಮೇಲ್ತುದಿಯಲ್ಲಿ ಅಡ್ಡಕಡ್ಡಿ ಸಿಕ್ಕಿಸುವ ಪೆಟ್ಟಿಗೆಗೆ ನೀಲಿ ಟಾರ್ಪಾಲಿನ್ ಸುತ್ತಿ, ಹುರಿಯಿಂದ ಏಳೆಂಟು ಗಂಟು ಹಾಕಿತ್ತು. ಇದನ್ನು ಬಿಚ್ಚಬೇಕು ಎಂದು ಅವನು ಅಂದುಕೊಳ್ಳುತ್ತಿರುವಾಗಲೇ ಒನೊದೆರಾ ಸಾನ್ ‘ಮೇಲ್ತುದಿ, ಅಡ್ಡಕಡ್ಡಿ!’ ಎಂದು ಓದಿದರು. ತೋಳು ತಾನಾಗಿ ಎದ್ದಿತು. ಬೆರಳು ನೀಲಿ ಟಾರ್ಪಾಲಿನ್ನಿನ ಕಡೆಗೆ ನೆಟ್ಟಗೆ ನಿಂತಿತು. ಹೊಟ್ಟೆಯೊಳಗಿನಿಂದ, ಇಷ್ಟು ವರ್ಷ ಎಲ್ಲಿ ಅಡಗಿತ್ತೋ, ಒಂದು ದನಿ ಹೊರಟು ಎದುರಿನ ಗುಡ್ಡಕ್ಕೆ ಬಡಿದು ವಾಪಸ್ ಬಂತು: ‘ಅಡ್ಡಕಡ್ಡಿ, ಯೋಶಿ!’ ಒನೊದೆರಾ ಸಾನ್ ತಲೆ ಎತ್ತದೆ ಗುರುತು ಹಾಕಿದರು, ಆಮೇಲೆ ತಲೆ ಎತ್ತಿ, ‘ಉಮಾ ಸಾನ್, ಇವತ್ತು ದನಿ ತುಂಬಾ ಚೆನ್ನಾಗಿದೆ’ ಎಂದರು. ಆರು ವರ್ಷಗಳಲ್ಲಿ ಮೊದಲನೆಯ ಹೊಗಳಿಕೆ. ಅದಾದ ಮೇಲೆ, ಅಲ್ಲ ಸಾರ್, ಹೊದಿಕೆ ಇನ್ನೂ ಬಿಚ್ಚಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಬಸ್ಸಿಗೆ ಹೊತ್ತಾಗಿತ್ತು, ಬೆರಳು ಮರಗಟ್ಟಿತ್ತು ಎಂದೆಲ್ಲ ಎರಡು ತಿಂಗಳಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು. ಖುಷಿಯಾಗಿತ್ತು, ಅಷ್ಟೆ. ಅವತ್ತು ರಾತ್ರಿ ಕೊಂಬಿನಿ ಅಂಗಡಿಯಿಂದ ಮಗಳಿಗೆ ಎರಡು ಐಸ್‌ಕ್ರೀಮು ಕೊಂಡುಕೊಂಡು ಹೋಗಿದ್ದ.

ಎಂಟನೆಯ ಸಲ. ಜಡೆ ಗಾಳಿಗೆ ಹಗ್ಗದ ಕಡೆಗೇ ವಾಲುತ್ತಿತ್ತು. ಮೈಸೂರಿನ ಒಂಟಿಕೊಪ್ಪಲಿನ ಹಿಟ್ಟಿನ ಗಿರಣಿಯಲ್ಲಿ ಸುಭದ್ರತ್ತೆಯ ಸೆರಗು ಬೆಲ್ಟಿಗೆ ಸಿಕ್ಕಿಕೊಂಡದ್ದು ನೆನಪಾಯಿತು. ನೆನಪಾಗಬಾರದೆಂದು ಬೆಳಗಿನಿಂದ ಬೇರೆ ಕಡೆ ನೋಡುತ್ತಿದ್ದ. ಗಿರಣಿಯ ನಟರಾಜ ಒಂದು ದೊಣ್ಣೆಯನ್ನು ಸದಾ ಕಾಲಬುಡದಲ್ಲೇ ಇಟ್ಟುಕೊಂಡಿರುತ್ತಿದ್ದ. ಒಂದೇ ಏಟಿಗೆ ಬೆಲ್ಟು ಹಾರಿ ಗೋಡೆಗೆ ಬಡಿಯಿತು, ಗಿರಣಿ ನಿಂತಿತು. ಅತ್ತೆ ಅರ್ಧ ಸೀರೆಯಲ್ಲಿ ನೆಲದ ಮೇಲೆ ಕೂತು ನಡುಗುತ್ತಿದ್ದರು. ಎಂಟು ವರ್ಷದ ಉಮಾಶಂಕರ ಆಗ ಮಾಡಿದ ಕೆಲಸವೆಂದರೆ, ಕೈಯಲ್ಲಿದ್ದ ರಾಗಿ ಹಿಟ್ಟಿನ ಡಬ್ಬಿ ಚೆಲ್ಲದಂತೆ ಎರಡೂ ಕೈಯಲ್ಲಿ ಅವುಚಿ ಹಿಡಿದದ್ದು. ‘ಹುಡುಗ ಜಾಣ, ಒಂದು ಚೂರೂ ಚೆಲ್ಲಿಲ್ಲ’ ಎಂದು ಯಾರೋ ಅಂದರು. ಅತ್ತೆ ಅವನ ಕಡೆ ನೋಡಿದರು. ಆ ನೋಟವನ್ನು ನೆನೆದರೆ ಈಗಲೂ ಅವನಿಗೆ ನಾಚಿಕೆಯಾಗುತ್ತದೆ. ಮಗಳನ್ನು ಕರೆದುಕೊಂಡು ಮನೆಗೆ ಹೊರಟುಬಿಡೋಣ, ಹೊಟ್ಟೆನೋವು ಅಂದರಾಯಿತು ಎಂಬ ಯೋಚನೆ ಬಂತು. ಸಾಲಿನಲ್ಲಿ ಇನ್ನೂ ಹದಿನೇಳು ಮಕ್ಕಳಿದ್ದರು. ಹದಿನೇಳನ್ನೂ ಎಣಿಸಿದ ಮೇಲೂ ಆ ಯೋಚನೆ ಹೋಗಲಿಲ್ಲ, ಇನ್ನಷ್ಟು ಹೊತ್ತು ಅಲ್ಲೇ ಇತ್ತು. ಥೂ, ಎಂಥಾ ಮನುಷ್ಯ ನಾನು, ಎಂದುಕೊಂಡ.

ಇಂದು ವಿಶ್ರಾಂತಿಯ ಕೋಣೆಯಿಂದ ಸ್ಟೀಲಿನ ಡಬ್ಬಿ ಹಿಡಿದುಕೊಂಡು ಹಿಮದಲ್ಲಿ ಹುಷಾರಾಗಿ ಹೆಜ್ಜೆ ಇಡುತ್ತ ಬಂದಳು.

“ತಗೊಳ್ಳಿ, ಚಿತ್ರಾನ್ನ. ತಣ್ಣಗಾಗೋ ಮೊದ್ಲೇ ತಿನ್ನಿ. ಯಾಕ್ರೀ ಹಿಂಗೆ ಕಾವಲು ನಿಂತಿದ್ದೀರಾ? ಅವಳೇನು ಓಡಿಹೋಗ್ತಾಳಾ?”

“ಅವಳ ಜಡೆ ನೋಡು. ಒಳಗೆ ಹಾಕ್ಕೊ ಅಂದ್ರೆ ಕೇಳಲ್ಲ.”

“ಅಯ್ಯೋ, ಈ ಆಟದಲ್ಲಿ ಎಂಥ ಮಗೂಗೂ ಏನೂ ಆಗಲ್ಲ ಅಂತ ನೀವೇ ತಾನೆ ಹೇಳಿದ್ದು. ಇದನ್ನೆಲ್ಲ ಚೆಕ್ ಮಾಡೋದೇ ನಾವು ಅಂತ ಬಸ್ಸಲ್ಲಿ ಎಷ್ಟು ಜಂಬ ಕೊಚ್ಕೊಂಡ್ರಿ!”

ಹೌದು, ಕೊಚ್ಚಿಕೊಂಡಿದ್ದ. ಈಗ ಹೇಳಿಬಿಡಬಹುದಿತ್ತು. ಬಾಯಿ ತೆರೆದ. ಒಂದು ತುತ್ತು ಚಿತ್ರಾನ್ನ ಹಾಕಿಕೊಂಡ. ಕಡಲೆಬೀಜ ಮೆತ್ತಗಾಗಿತ್ತು.

“ಅಷ್ಟು ಹೆದರಿಕೆ ಇದ್ರೆ ನೀವೂ ಒಂದ್ಸಲ ಹೋಗಿ ಬನ್ನಿ,” ಎಂದು ಇಂದು ನಕ್ಕಳು. “ಬಾಡಿಗೆಗೆ ದೊಡ್ಡೋರ ಸ್ಕೀನೂ ಇದೆ. ನಾನು ವಿಡಿಯೋ ಮಾಡ್ತೀನಿ.”

ಅವಳು ತಮಾಷೆಗೆ ಅಂದದ್ದು. ಅವನು ಡಬ್ಬಿಯನ್ನು ಅವಳ ಕೈಗೆ ಕೊಟ್ಟು, ಬಾಡಿಗೆಯ ಕೌಂಟರಿನ ಕಡೆ ಹೊರಟೇಬಿಟ್ಟ. ಹೇಳುವುದಕ್ಕೆ ಆಗದಿದ್ದರೆ ನೋಡುವುದಕ್ಕಾದರೂ ಆಗುತ್ತದಲ್ಲ. ಮೇಲೆ ಹೋಗಬೇಕು, ಕೈ ಬಿಡಬಾರದು, ಕಡ್ಡಿಗೆ ಮೊಣಕಾಲು ತಾಗಿಸಬೇಕು. ನಿಂತರೆ ನಿಂತಿತು. ನಿಲ್ಲದಿದ್ದರೆ ಏನು ಎಂಬುದನ್ನು ಅವನು ಯೋಚಿಸಲಿಲ್ಲ. ಕಾಲಿಗೆ ಸರಿಯಾದ ಬೂಟು ಸಿಗುತ್ತಿರಲಿಲ್ಲ, ಅದೇ ದೊಡ್ಡ ಚಿಂತೆಯಾಗಿತ್ತು.

ಮೊದಲ ಸಲ ಹಗ್ಗ ಹಿಡಿದ ಕೂಡಲೇ ತೋಳು ಮುಂದೆ ಹೋಯಿತು, ಕಾಲು ಹೋಗಲಿಲ್ಲ. ಮುಖ ಅಡಿಯಾಗಿ ಬಿದ್ದ. ಕೆಳಗಿನ ಪುಟ್ಟ ಗೂಡಿನಲ್ಲಿ ಕೂತಿದ್ದ ಚಿಬಾ ಸಾನ್, ಎಪ್ಪತ್ತು ದಾಟಿದ ಮುದುಕ, ಕೆಂಪು ಗುಂಡಿ ಒತ್ತಿ ಹಗ್ಗ ನಿಲ್ಲಿಸಿದರು. ಮೇಲಿದ್ದ ಮಕ್ಕಳೆಲ್ಲ ನಿಂತಲ್ಲೇ ನಿಂತು ಹಿಂತಿರುಗಿ ನೋಡಿದರು. ‘ಸುಮಿಮಾಸೆನ್’, ಕ್ಷಮಿಸಿ, ಎಂದು ಅವನು ಹಿಮದೊಳಗಿಂದ ಹೇಳಿದ. ಗುಂಡಿ ಕೆಲಸ ಮಾಡುತ್ತದೆ ಎಂದು ಮನಸ್ಸಿನ ಒಂದು ಮೂಲೆ ಗುರುತು ಹಾಕಿಕೊಂಡಿತು. ಗುಂಡಿಯ ತಂತಿ ಬೇರೆ, ಕಡ್ಡಿಯ ತಂತಿ ಬೇರೆ. ಎರಡನೆಯ ಸಲ ಹತ್ತು ಮೀಟರ್ ಹೋಗಿ ಬಿದ್ದ. ಹಗ್ಗ ನಿಂತಿತು. ಸುಮಿಮಾಸೆನ್. ಮೂರನೆಯ ಸಲ ಅರ್ಧ ದಾರಿಯಲ್ಲಿ ಬಿದ್ದು, ಕೆಳಗಿನ ತನಕ ಬೆನ್ನ ಮೇಲೆ ಜಾರಿ ಬಂದು, ನಾಲ್ಕೈದು ವರ್ಷದ ಒಂದು ಮಗುವಿನ ಕಾಲಬುಡದಲ್ಲಿ ನಿಂತ. ಮಗು ಬಗ್ಗಿ, ದೊಡ್ಡ ಡಾಕ್ಟರಿನ ಗಾಂಭೀರ್ಯದಲ್ಲಿ, ನೋವಾಯಿತೇ ಎಂದು ವಿಚಾರಿಸಿತು. ವರ್ಷಿಣಿ ಸಾಲಿನಲ್ಲಿ ತನ್ನ ಹೆಲ್ಮೆಟ್ಟನ್ನು ಮುಖದ ಮೇಲೆ ಎಳೆದುಕೊಂಡು, ತಾನು ಯಾರ ಮಗಳೂ ಅಲ್ಲ ಎಂಬಂತೆ ನಿಂತಿದ್ದಳು. ಇಂದುವಿನ ಫೋನು ಇವೆಲ್ಲವನ್ನೂ ಹಿಡಿದುಕೊಳ್ಳುತ್ತಿತ್ತು.

ನಾಲ್ಕನೆಯ ಸಲ ಬೀಳಲಿಲ್ಲ. ಮೊಣಕಾಲು ಬಗ್ಗಿಸಿ, ಹಗ್ಗವನ್ನು ಸೊಂಟಕ್ಕೆ ಒತ್ತಿಕೊಂಡು, ಯಾವ ಮಾಯದಲ್ಲೋ ಮೇಲಕ್ಕೆ ಬಂದ. ಹಳದಿ ಹಲಗೆ ಕಾಣಿಸಿತು: ಇಲ್ಲಿ ಕೈ ಬಿಡಿ. ಮುಂದೆ ಕಡ್ಡಿ, ಅದರ ಮುಂದೆ ಚಕ್ರ. ಚಕ್ರ ಇಷ್ಟು ದೊಡ್ಡದೆಂದು ನವೆಂಬರಿನಲ್ಲಿ ಅನ್ನಿಸಿರಲಿಲ್ಲ. ಬಿಡಬಾರದು ಎಂದುಕೊಂಡ. ಬಿಡಬಾರದು, ಬಿಡಬಾರದು. ಹಲಗೆಯ ಹತ್ತಿರ ಬರುತ್ತಲೇ ಎರಡೂ ಕೈ ಅವನನ್ನು ಒಂದು ಮಾತೂ ಕೇಳದೆ ಹಗ್ಗ ಬಿಟ್ಟವು. ಸರಿಯಾದ ಜಾಗದಲ್ಲಿ, ಸರಿಯಾದ ರೀತಿಯಲ್ಲಿ. ಕೆಳಗಿನಿಂದ ಚಿಬಾ ಸಾನ್ ಚಪ್ಪಾಳೆ ತಟ್ಟಿದರು. ನಾಲ್ಕಾರು ಮಕ್ಕಳೂ ತಟ್ಟಿದರು. ಉಮಾಶಂಕರ ಅಳುವ ಹಾಗಾಗಿ, ಎಲ್ಲರಿಗೂ ತಲೆಬಾಗಿಸಿ ವಂದಿಸಿದ.

ಐದನೆಯ ಸಲ ಕೈಗವಸಿನ ಪಟ್ಟಿಯನ್ನು ಬೇಕೆಂದೇ ಹಗ್ಗಕ್ಕೆ ಒಂದು ಸುತ್ತು ಹಾಕಿಕೊಂಡ. ಪಟ್ಟಿ ಬಿಗಿದು ಮಣಿಕಟ್ಟನ್ನು ಕಚ್ಚಿತು. ಈಗ ಬಿಡಬೇಕೆಂದರೂ ಆಗದು ಎಂಬುದು ಅರ್ಧ ದಾರಿಯಲ್ಲಿ ತಿಳಿದಾಗ ಅವನಿಗೆ ಭಯವಾಯಿತು. ನಿಜವಾದ ಭಯ, ಬಾಯಿ ಒಣಗುವಂಥದ್ದು. ಸುಭದ್ರತ್ತೆಗೆ ಆದದ್ದು ಇದೇ ಇರಬೇಕು ಎನ್ನಿಸಿತು. ಇಂಥ ಅಪಾಯಕ್ಕೆ ಅವನು ಒಂದು ಮಗುವನ್ನು, ಹದಿನೇಳು ಮಕ್ಕಳನ್ನು, ಹೊಗಳಿಕೆಯ ಒಂದು ಮಾತಿಗೋಸ್ಕರ ಒಡ್ಡಿದ್ದ. ಹಳದಿ ಹಲಗೆ ಬಂತು, ಹೋಯಿತು. ಹಿಂದಿನಿಂದ ಯಾರೋ ಕಿರುಚಿದರು. ಕಡ್ಡಿ ಮೊಣಕಾಲಿಗೆ ತಾಗಿತು.

ಟಕ್ ಎಂದಿತು. ಕಡ್ಡಿ ಹಿಮದಲ್ಲಿ ಬಿತ್ತು, ಹಗ್ಗ ಒಂದು ಮಾರು ಎಳೆದು ನಿಂತಿತು. ಚಕ್ರ ಅವನ ಮುಖದಿಂದ ಒಂದು ಆಳುದ್ದ ಆಚೆ, ಏನೂ ಆಗಿಲ್ಲದಂತೆ ನಿಂತಿತ್ತು. ನಿಂತಿತು! ನಿಂತಿತು ಕಣೋ! ಉಮಾಶಂಕರ ಹಿಮದಲ್ಲಿ ಮಂಡಿಯೂರಿ, ಒಂದು ಕೈ ಹಗ್ಗಕ್ಕೆ ಕಟ್ಟಿಕೊಂಡೇ ನಗತೊಡಗಿದ. ಇಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಮೊಹರು ಸುಳ್ಳಾಗಿರಲಿಲ್ಲ. ನೋಡದೇ ಹೇಳಿದ್ದು ನಿಜವಾಗಿಯೇ ಇತ್ತು. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಕಡ್ಡಿ ಕಳಚಿದರೆ ಯಾರಾದರೂ ಮೇಲೆ ಬಂದು ಅದನ್ನು ಸಿಕ್ಕಿಸುವ ತನಕ ಮೋಟರು ಹೊರಡುವುದಿಲ್ಲ. ಚಿಬಾ ಸಾನ್ ಗೂಡಿನಿಂದ ಇಳಿದು, ಸೊಂಟದ ಮೇಲೆ ಕೈ ಇಟ್ಟುಕೊಂಡು, ಎಂಬತ್ತು ಮೀಟರನ್ನೂ ನಿಧಾನವಾಗಿ ಹತ್ತಿಕೊಂಡು ಬಂದರು. ವರ್ಷಿಣಿ ಹಗ್ಗದ ಮಧ್ಯದಲ್ಲಿದ್ದವಳು ಸ್ಕೀ ಕಳಚಿ ಅವರಿಗಿಂತ ಮೊದಲೇ ಓಡಿಬಂದಳು. ಅವಳ ಮುಖ ಬಿಳಿಚಿತ್ತು. ಮುದುಕ ಪಟ್ಟಿ ಬಿಡಿಸಿ, ಅವನ ಕೈ ತಿರುವಿ ನೋಡಿ, ಟೋಪಿ ತೆಗೆದು ಸೊಂಟದ ತನಕ ಬಾಗಿದರು. ಗಾಬರಿಪಡಿಸಿದ್ದಕ್ಕೆ ಕ್ಷಮೆ ಕೇಳುತ್ತಿದ್ದಾರೆ ಎಂಬುದಷ್ಟು ಅವನಿಗೆ ತಿಳಿಯಿತು. ಅವರದು ಈ ಗುಡ್ಡದ ಕಡೆಯ ಮಾತು, ಆಫೀಸಿನ ಜಪಾನಿಯಲ್ಲ, ಮಿಕ್ಕಿದ್ದು ತಿಳಿಯಲಿಲ್ಲ. ಎಪ್ಪತ್ತು ದಾಟಿದ ಆ ನೆರೆತ ತಲೆ ತನ್ನ ಮುಂದೆ ಬಾಗಿಯೇ ಇದ್ದದ್ದನ್ನು ಅವನಿಗೆ ನೋಡಲಾಗಲಿಲ್ಲ. ಇದನ್ನು ಅವನು ಎಣಿಸಿರಲಿಲ್ಲ.

“ವರ್ಷಿಣಿ, ಅವರಿಗೆ ಹೇಳು. ನಾನು ಬೇಕೂಂತ್ಲೇ ಕೈ ಬಿಡ್ಲಿಲ್ಲ ಅಂತ.”

“ವ್ಹಾಟ್? ಯಾಕೆ?”

ಯಾಕೆ ಎಂಬುದನ್ನು ಮೊದಲು ಅವಳಿಗೆ ಹೇಳಬೇಕಾಯಿತು. ಇಂದುವಿಗೆ ಹೇಳಿರಲಿಲ್ಲ, ಒನೊದೆರಾ ಸಾನ್‌ಗೆ ಹೇಳಿರಲಿಲ್ಲ. ಹಿಮದ ಮೇಲೆ ಕೂತು ಹತ್ತು ವರ್ಷದ ಮಗಳಿಗೆ, ಅವಳಿಗೆ ಗೊತ್ತಿರುವಷ್ಟು ಕನ್ನಡದಲ್ಲಿ, ಚಿಕ್ಕ ಚಿಕ್ಕ ವಾಕ್ಯ ಮಾಡಿ ಹೇಳಿದ. ನವೆಂಬರಿನಲ್ಲಿ ನಾನು ಬಂದಿದ್ದೆ. ಇದಕ್ಕೆ ಬಟ್ಟೆ ಮುಚ್ಚಿತ್ತು. ತೆಗೆದು ನೋಡಲಿಲ್ಲ. ನೋಡಿದೆ ಅಂತ ಮೊಹರು ಹಾಕಿದೆ. ಅವಳು ಎಲ್ಲವನ್ನೂ ಕೇಳಿದಳು. “ಯು ಲೈಡ್?” ಎಂದಳು. “ಹ್ಞೂಂ,” ಎಂದ. ಅವಳು ಸ್ವಲ್ಪ ಹೊತ್ತು ಚಕ್ರವನ್ನೇ ನೋಡಿದಳು. ಆಮೇಲೆ ಚಿಬಾ ಸಾನ್ ಕಡೆ ತಿರುಗಿ, ಕೈ ಎರಡನ್ನೂ ಮುಂದೆ ಜೋಡಿಸಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಹೇಳಿದಳು.

ಮುದುಕ ಆಶ್ಚರ್ಯಪಡಲಿಲ್ಲ. ಬಿದ್ದಿದ್ದ ಕಡ್ಡಿಯನ್ನು ಎತ್ತಿಕೊಂಡು, ಹಿಮ ಒರೆಸುತ್ತ, ಬಹಳ ಹೊತ್ತು ಮಾತಾಡಿದರು.

“ಅವರಿಗೆ ಗೊತ್ತಿತ್ತಂತೆ,” ಎಂದಳು ವರ್ಷಿಣಿ. “ಆ ದಿನ ಅವರು ಇಲ್ಲೇ ಇದ್ರಂತೆ, ಆ ಶೆಡ್ ಹತ್ರ ಎಲೆ ಸುಡ್ತಾ. ನೀವು ಹೋದ್ಮೇಲೆ ಕವರ್ ಓಪನ್ ಮಾಡಿದ್ರಂತೆ. ಒಳಗೆ ಬೀ ಮನೆ ಇತ್ತಂತೆ. ಬೀ ಅಲ್ಲ, ವಾಸ್ಪ್. ಸ್ಟಿಕ್ ಮೂವೇ ಆಗ್ತಿರ್ಲಿಲ್ವಂತೆ, ಕಿಕ್ ಮಾಡಿದ್ರೂ. ಅವರೇ ಕ್ಲೀನ್ ಮಾಡಿ ಹೊಸ ಸ್ಪ್ರಿಂಗ್ ಹಾಕಿದ್ರಂತೆ. ದಿನಾ ಬೆಳಿಗ್ಗೆ ಮೂರು ಸಲ ಟ್ರೈ ಮಾಡ್ತಾರಂತೆ.”

ಉಮಾಶಂಕರನ ಸಂತೋಷ ಅಲ್ಲೇ ತಣ್ಣಗಾಯಿತು. “ಮತ್ತೆ ಕಂಪನಿಗೆ ಯಾಕೆ ಹೇಳ್ಲಿಲ್ಲ, ಕೇಳು.”

ಅವಳು ಕೇಳಿದಳು. ಚಿಬಾ ಸಾನ್ ತಲೆ ಕೆರೆದುಕೊಂಡು, ಸಂಕೋಚದಿಂದ, ಒಂದೆರಡು ಮಾತು ಹೇಳಿದರು. ವರ್ಷಿಣಿ ಅದಕ್ಕೆ ಇಂಗ್ಲಿಷಿನಲ್ಲಿ ಪದ ಹುಡುಕಿದಳು, ಸಿಗಲಿಲ್ಲ.

“ನೀವು ತುಂಬಾ ಚೆನ್ನಾಗಿ ಶೌಟ್ ಮಾಡಿದ್ರಂತೆ. ಆ ಸಾರ್ ಹೊಗಳಿದಾಗ ತುಂಬಾ ಹ್ಯಾಪಿ ಆಗಿ ಕಾಣಿಸ್ತಿದ್ರಂತೆ. ಅದಕ್ಕೆ ಅವರಿಗೆ... ಪಾಪ ಅನ್ನಿಸ್ತಂತೆ.”

ಉಮಾಶಂಕರನ ಮೂಗಿನ ತುದಿ ಉರಿಯಿತು. ಚಿಬಾ ಸಾನ್ ಕಡ್ಡಿಯನ್ನು ಅದರ ಜಾಗದಲ್ಲಿ ಸಿಕ್ಕಿಸಿ, ಎಳೆದು ನೋಡಿ, ಇಳಿಯಲು ಹೊರಟವರು ಏನೋ ನೆನಪಾದಂತೆ ನಿಂತು ಮತ್ತೊಂದು ಪ್ರಶ್ನೆ ಕೇಳಿದರು.

“ಬೇರೆ ಸ್ಲೋಪ್‌ಗಳಲ್ಲೂ ಬಟ್ಟೆ ಮುಚ್ಚಿತ್ತಾ ಅಂತ ಕೇಳ್ತಿದ್ದಾರೆ ಅಪ್ಪ. ಅಲ್ಲಿ ಯಾರು ನೋಡ್ಕೋತಾರೋ ಅವರಿಗೆ ಗೊತ್ತಿಲ್ವಂತೆ.”

ಮುಚ್ಚಿತ್ತು. ಹೊಗಳಿಕೆ ಸಿಕ್ಕಿದ ಮೇಲೆ ಅದೇ ದನಿಯಲ್ಲಿ ಅದೇ ವಾರ ಇನ್ನೂ ಎರಡು ಕಡೆ ಕೂಗಿದ್ದ, ಎರಡು ಕಡೆಯೂ ನೀಲಿ ಟಾರ್ಪಾಲಿನ್. ಬೆಳಗಿನಿಂದ ಅವನು ಅವುಗಳನ್ನು ಒಂದು ಸಲವೂ ಯೋಚಿಸಿರಲಿಲ್ಲ. ಅಲ್ಲಿ ಅವನ ಮಗಳಿರಲಿಲ್ಲ. ಶನಿವಾರ, ಹನ್ನೊಂದೂವರೆ. ಈ ಹೊತ್ತಿಗೆ ಅಲ್ಲೂ ಮಕ್ಕಳು ಸಾಲಿನಲ್ಲಿರುತ್ತಾರೆ. ಸೋಮವಾರದ ತನಕ ಕಾಯಬಹುದು ಎಂದು ಒಂದು ದನಿ ಹೇಳಿತು. ಬಸ್ಸಿಗೆ ಹೊತ್ತಾಗಿದೆ ಎಂದು ಹೇಳಿದ್ದೂ ಆ ದನಿಯೇ. ಅವನು ಫೋನು ತೆಗೆದು ಒನೊದೆರಾ ಸಾನ್ ಹೆಸರು ಒತ್ತಿದ. ಕರೆ ಹೋಗತೊಡಗಿದ ಕೂಡಲೇ ಅವನಿಗೆ ಗೊತ್ತಿದ್ದ ಜಪಾನಿಯೆಲ್ಲ ತಲೆಯಿಂದ ಖಾಲಿಯಾಯಿತು. ಫೋನನ್ನು ಮಗಳ ಕೈಗೆ ತುರುಕಿದ.

“ಈಗ ಹೇಳಿದೆಯಲ್ಲ, ಅದನ್ನೇ ಹೇಳು. ಮೂರೂ ಕಡೆ ಅನ್ನು. ಹಗ್ಗ ಈಗ್ಲೇ ನಿಲ್ಲಿಸ್ಬೇಕು ಅನ್ನು. ಏನೂ ಕಮ್ಮಿ ಮಾಡಿ ಹೇಳ್ಬೇಡ.”

ವರ್ಷಿಣಿ ಹೆಲ್ಮೆಟ್ಟು ತೆಗೆದು, ಫೋನು ಕಿವಿಗೆ ಹಿಡಿದು, ಕಾಣದ ಮನುಷ್ಯನಿಗೆ ಒಮ್ಮೆ ಬಾಗಿ, ಸ್ಪಷ್ಟವಾಗಿ, ನಿಲ್ಲಿಸದೆ ಹೇಳಿದಳು. ‘ಚಿಚಿ’ ಎಂಬ ಪದ, ನಮ್ಮ ತಂದೆ ಎಂಬುದು, ನಾಲ್ಕು ಸಲ ಬಂತು. ಅವಳು ಏನನ್ನೂ ಕಮ್ಮಿ ಮಾಡಲಿಲ್ಲ. ಆಮೇಲೆ ಒನೊದೆರಾ ಸಾನ್‌ರ ಸೌಮ್ಯವಾದ ದನಿ ಫೋನಿನಿಂದ ಸಣ್ಣಗೆ ಕೇಳಿಸಿತು. ಅವಳು ಫೋನಿಗೆ ಕೈ ಅಡ್ಡ ಇಟ್ಟು, ಒಮ್ಮೆ ಚಿಬಾ ಸಾನ್ ಕಡೆ, ಒಮ್ಮೆ ಅಪ್ಪನ ಕಡೆ ನೋಡಿದಳು.

“ಅಪ್ಪಾ, ಹತ್ತಿರದಲ್ಲಿ ದೊಡ್ಡವರು ಯಾರಾದ್ರೂ ಇದ್ದಾರಾ ಅಂತ ಕೇಳ್ತಿದ್ದಾರೆ. ಏನು ಹೇಳ್ಲಿ?”

ಅವನು ಎದ್ದು ನಿಂತ. “ಇದ್ದಾರೆ ಅನ್ನು,” ಎಂದು ಫೋನಿಗೆ ಕೈ ಚಾಚಿದ.